ಬೀಳುವವನ ಸಾಕ್ಷ್ಯ

ತಾಲೀಮು ಎಂಬ ಶಬ್ದ ಅರಬಿಯಿಂದ ಹೊರಟು ಉರ್ದುವಿನ ಮೂಲಕ ನಮ್ಮ ನಾಲಿಗೆಗೆ ಬಂದದ್ದು. ಅಲ್ಲಿ ಅದರ ಅರ್ಥ ಕಲಿಸುವುದು, ಶಿಕ್ಷಣ. ನಮ್ಮ ಕರಾವಳಿಯಲ್ಲಿ ಅದು ದೊಣ್ಣೆ, ಕತ್ತಿಗಳ ಕಸರತ್ತಾಯಿತು. ಕನ್ನಡದ ನಾಟಕದವರು ಪ್ರದರ್ಶನಕ್ಕೆ ಮುಂಚಿನ ಅಭ್ಯಾಸವನ್ನೂ ತಾಲೀಮು ಎಂದೇ ಕರೆದರು. ಹೀಗಿರುವಾಗ, ಉಸ್ತಾದರು ಬೆರಳು ತಾಗಿಸಿದೊಡನೆ ಶಿಷ್ಯ ಮೂರು ಮಾರು ದೂರ ಹೋಗಿ ಬಿದ್ದರೆ ನಾವು ನೋಡಿದ್ದು ಈ ಮೂರರಲ್ಲಿ ಯಾವುದನ್ನು?

ಪುತ್ತೂರು-ಸುಳ್ಯ ರಸ್ತೆಯ ಕುಂಬ್ರದಂತಹ ಊರುಗಳಲ್ಲಿ ಈ ಪ್ರಶ್ನೆ ಈಗ ಮೊಬೈಲಿನೊಳಗಿಂದಲೂ ಬರುತ್ತದೆ. ಚೀನಾದ ತಾಯ್ ಚಿ ಗುರುವೊಬ್ಬ ಮೊಣಕೈ ಅಲುಗಿಸಿದರೆ ನಾಲ್ವರು ಹಾರಿ ಬೀಳುತ್ತಾರೆ. ಇದು ಒಳಗಿನ ಶಕ್ತಿಯಂತೆ, ಉಸಿರಿನ ಬಲವಂತೆ.

ನಮ್ಮ ತಾಲೀಮಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನು, ಮಲಗಿದವನ ಹೊಟ್ಟೆಯ ಮೇಲಿಟ್ಟ ಸೌತೆಕಾಯಿಯನ್ನು ಕತ್ತಿಯಿಂದ ತುಂಡರಿಸುವಾಗ ಮಲಗಿದವನು ಸಹಕರಿಸುತ್ತಿದ್ದಾನೆಂದು ಎಲ್ಲರಿಗೂ ಗೊತ್ತು. ಅವನ ನಿಶ್ಚಲತೆಯೂ ಆ ಕಲೆಯ ಪಾಲು. ಅಲ್ಲಿ ಮೋಸವಿಲ್ಲ. ಸಹಕಾರವನ್ನು ಮುಚ್ಚಿಟ್ಟು, ಎದುರಾಳಿ ಸೋತನೆಂದು ತೋರಿಸುವಲ್ಲಿ ಮೋಸ ಆರಂಭವಾಗುತ್ತದೆ.

ಹಾಗೆಂದು ಒಳಬಲವೆಲ್ಲ ಬುರುಡೆಯೆನ್ನುವುದು ಸೋಮಾರಿತನ. ಕೈಗೆ ಕೈ ತಾಗಿಸಿ ತಳ್ಳುವ ಅಭ್ಯಾಸದಲ್ಲಿ ಪಳಗಿದವನಿಗೆ ಎದುರಿನವನ ತೂಕ ಯಾವ ಕಾಲಿಗೆ ಹೋಯಿತೆಂದು ತೊಗಲಿನಿಂದಲೇ ತಿಳಿಯುತ್ತದೆ. ಎರಡು ಪಾದಗಳನ್ನು ಜೋಡಿಸುವ ಗೆರೆಗೆ ಅಡ್ಡವಾಗಿ ಒತ್ತಿದರೆ ಎಂಥ ಜಟ್ಟಿಯೂ ಸುಲಭವಾಗಿ ವಾಲುತ್ತಾನೆ. ಇದಕ್ಕೆ ಪವಾಡ ಬೇಕಾಗಿಲ್ಲ. ನಮ್ಮ ಅಡಿಕೆ ತೋಟದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ತೂಗಿ ಹೋಗುವ ಕೊಯ್ಲಿನವನಿಗೂ ಈ ವಿದ್ಯೆ ಗೊತ್ತು. ಅವನ ಜೊತೆಗಾರ ಮರ, ಅದಕ್ಕೆ ದಾಕ್ಷಿಣ್ಯವಿಲ್ಲ.

ದಾಕ್ಷಿಣ್ಯವೇ ಇಲ್ಲಿನ ಸಂಕಟ. ಜಪಾನಿನ ಯಾನಗಿ ರ್ಯುಕೆನ್ ಶಿಷ್ಯರನ್ನು ಮುಟ್ಟದೆಯೇ ಸಾಲುಸಾಲಾಗಿ ಉರುಳಿಸುತ್ತಿದ್ದ ವೃದ್ಧ ಗುರು. 2006ರಲ್ಲಿ ಹೊರಗಿನ ಕಾಳಗಪಟುವೊಬ್ಬನ ಎದುರು ತಾನಾಗಿಯೇ ನಿಂತ. ಕೆಲವೇ ಏಟುಗಳಿಗೆ ಮುಖ ರಕ್ತವಾಯಿತು. 2017ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ತಾಯ್ ಚಿಯ ವೇ ಲೇ, ಶು ಶಿಯಾವ್‌ಡಾಂಗ್‌ನೆದುರು ಅರ್ಧ ನಿಮಿಷವೂ ನಿಲ್ಲಲಿಲ್ಲ. ಜನ ನಕ್ಕರು. ನಮಗೆ ಯಾನಗಿಯ ವಿಷಯದಲ್ಲಿ ನಗು ಬರುವುದಿಲ್ಲ. ತನ್ನದು ಸುಳ್ಳೆಂದು ತಿಳಿದವನು ಹಾಗೆ ಎದುರು ಹೋಗಿ ನಿಲ್ಲುತ್ತಾನೆಯೇ? ಆತ ನಂಬಿದ್ದ. ನಂಬುವಂತೆ ಮಾಡಿದವರು ವರ್ಷಗಟ್ಟಲೆ ಅದಬಿನಿಂದ ಬಿದ್ದ ಶಿಷ್ಯರು. ಗುರುವಿಗೆ ನೋವಾಗಬಾರದೆಂದು ಬಿದ್ದರು, ಪಕ್ಕದವನು ಬಿದ್ದನೆಂದು ಬಿದ್ದರು. ಕೆಲವರಿಗೆ ನಿಜವಾಗಿಯೂ ತಳ್ಳಿದಂತೆ ಅನಿಸಿತ್ತೇನೋ. ಕೊನೆಗೆ ಏಟು ತಿಂದವನು ಗುರು. ಇಂಥ ಗೌರವವನ್ನು ಗೌರವವೆನ್ನಲು ನಮಗೆ ಮನಸ್ಸಿಲ್ಲ.

ಆದ್ದರಿಂದ ನೋಡುವಾಗ ಗುರುವಿನ ಕೈಯನ್ನು ಬಿಟ್ಟು ಬೀಳುವವನ ಪಾದವನ್ನು ನೋಡಬೇಕು. ಒತ್ತಡ ತಾಗುವ ಮೊದಲೇ ಹಿಮ್ಮಡಿ ಎದ್ದಿತೇ? ತೂಕ ತಪ್ಪಿದವನು ಸಾಮಾನ್ಯವಾಗಿ ಒಂದು ಕಾಲು ಎಡವಿ ಹೆಜ್ಜೆ ಹುಡುಕುತ್ತಾನೆ. ಎರಡೂ ಕಾಲಿನಲ್ಲಿ ಚಂದವಾಗಿ ಜಿಗಿದುಹೋಗುವವನನ್ನು ಸಂಶಯಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ ಜೊತೆಗಾರನನ್ನು ಬದಲಿಸಬೇಕು. ಉಸ್ತಾದರ ಹೆಸರೇ ಕೇಳದ, ಕೆಂಪುಕಲ್ಲು ಹೊರುವ ಒಬ್ಬನನ್ನು ಕರೆದು, "ನಿನಗೆ ತೋಚಿದಂತೆ ತಳ್ಳು" ಎನ್ನಬೇಕು. ರಕ್ತ ಹರಿಯಬೇಕೆಂದಿಲ್ಲ. ಮೈಸೂರು ಅರಮನೆಯ ವಿಜಯದಶಮಿಯ ವಜ್ರಮುಷ್ಟಿ ಕಾಳಗ ಜಟ್ಟಿಯ ತಲೆಯಿಂದ ಮೊದಲ ರಕ್ತ ಕಂಡೊಡನೆ ನಿಲ್ಲುತ್ತದೆ. ಅದು ಸಂಪ್ರದಾಯದ ತೀರ್ಪು, ಕಲಿಕೆಯ ಅಳತೆಗೋಲಲ್ಲ. ಜೊತೆಗಾರನಿಗೆ "ಇಲ್ಲ" ಎನ್ನುವ ಸ್ವಾತಂತ್ರ್ಯವಿದ್ದರೆ ಸಾಕು.

ಇದು ಬರೀ ಗಂಡಸರ ಜಂಬದ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆತ್ಮರಕ್ಷಣೆಯ ಹೆಸರಿನಲ್ಲಿ ಈಗ ಹುಡುಗಿಯರಿಗೂ ತರಬೇತಿ ನಡೆಯುತ್ತಿದೆ. ಮಣಿಕಟ್ಟು ಬಿಡಿಸಿಕೊಳ್ಳುವ ಪಟ್ಟನ್ನು ಗೆಳತಿಯ ಮೇಲೆ ಮಾಡಿ ತೋರಿಸುತ್ತಾರೆ, ಗೆಳತಿ ನಗುತ್ತಾ ಕೈ ಬಿಡುತ್ತಾಳೆ, ಚಪ್ಪಾಳೆ ಬೀಳುತ್ತದೆ. ಸಂಜೆ ಬಸ್ಸಿಳಿದು ರಬ್ಬರ್ ತೋಟದ ದಾರಿಯಲ್ಲಿ ಒಬ್ಬಳೇ ನಡೆಯುವ ಆ ಹುಡುಗಿ ತನಗೊಂದು ವಿದ್ಯೆ ಬಂದಿದೆಯೆಂದೇ ತಿಳಿದಿರುತ್ತಾಳೆ. ತರಬೇತಿಯ ಕೊನೆಯ ದಿನವಾದರೂ, ಬಿಡಬಾರದೆಂದು ಹೇಳಿಸಿಕೊಂಡ ಒಂದು ಕೈ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಬೇಕು.