ನೆಲದ ಮೇಲಿನ ತೀರ್ಮಾನ

ಬೆಳಗಿನ ಜಾವ ಐದು ಗಂಟೆಗೆ ಟಿಕೆಟ್ಟು ಹಿಡಿದು ಚಳಿಯಲ್ಲಿ ನಿಂತವನಿಗೆ "ಇವತ್ತು ಹಾರಾಟವಿಲ್ಲ" ಎಂದರೆ ಸಿಟ್ಟು ಬರದೆ ಇದ್ದೀತೆ? ತುರ್ಕಿ ದೇಶದ ಕಪಡೋಕಿಯದಲ್ಲಿ ನನಗೂ ಬಂತು. ಗಿಡದ ಎಲೆ ಅಲುಗುತ್ತಿರಲಿಲ್ಲ, ಆಕಾಶ ತಿಳಿಯಾಗಿತ್ತು. ಬಲೂನು ನಡೆಸುವಾತ ನಮ್ಮ ಸಮಾಧಾನಕ್ಕೆಂದು ಚಹಾ ತರಿಸಿದ. ಚಹಾ ಕುಡಿಯುತ್ತಲೇ ಅವನನ್ನು ಮನಸ್ಸಿನಲ್ಲಿ ಪುಕ್ಕಲನೆಂದು ಕರೆದೆ. ತೀರ್ಮಾನ ಅವನದಲ್ಲ, ಪ್ರತಿದಿನ ಹವೆ ನೋಡಿ ಅಪ್ಪಣೆ ಕೊಡುವ ಸರಕಾರದ ವಿಮಾನಯಾನ ಇಲಾಖೆಯದು ಎಂದು ಆಮೇಲೆ ತಿಳಿಯಿತು.

ಬಲೂನಿಗೆ ಚುಕ್ಕಾಣಿಯಿಲ್ಲ. ಏರುವುದು, ಇಳಿಯುವುದು ಇವೆರಡೇ ಮನುಷ್ಯನ ಕೈಯಲ್ಲಿರುವುದು. ಗಾಳಿಯೊಡನೆ ಗಾಳಿಯಾಗಿಯೇ ಸಾಗುವುದರಿಂದ ಬುಟ್ಟಿಯಲ್ಲಿ ನಿಂತವನ ಮುಖಕ್ಕೆ ಗಾಳಿ ಸೋಕುವುದೂ ಅಪರೂಪ. ಆದರೆ ಒಂದು ಪದರದಿಂದ ಬೇರೆ ವೇಗದ ಇನ್ನೊಂದು ಪದರಕ್ಕೆ ಹೊಕ್ಕಾಗ ಬಟ್ಟೆ ಒಳಕ್ಕೆ ಕುಸಿಯುತ್ತದೆ, ಬಾಯಿಯಿಂದ ಬಿಸಿಗಾಳಿ ಹೊರಬೀಳುತ್ತದೆ. ಬಿಸಿಲೇರಿದ ಮೇಲೆ ಕಾದ ನೆಲದಿಂದ ಮೇಲೇಳುವ ಗಾಳಿಯದು ಬೇರೆ ಕಾಟ. ಅದು ಎತ್ತಿಕೊಂಡು ಹೋಗುವಾಗ ಗಾಬರಿಬಿದ್ದು ನೆತ್ತಿಯ ಕಿಂಡಿ ತೆರೆದು ಶಾಖ ಬಿಟ್ಟವನು, ಅದರ ಅಂಚು ದಾಟಿದೊಡನೆ ಇಳಿಗಾಳಿಗೆ ಸಿಕ್ಕಿ ಕಲ್ಲಿನಂತೆ ಕೆಳಗಿಳಿಯುತ್ತಾನೆ. ಉರಿ ಕೊಟ್ಟು ಬಲೂನನ್ನು ಬಿಸಿಯಾಗಿ, ಬಿಗಿಯಾಗಿ ಇಟ್ಟುಕೊಳ್ಳಬೇಕು. ಜನ ಮೊಣಕಾಲು ಮಡಿಸಿ ಹಿಡಿಗಳನ್ನು ಭದ್ರವಾಗಿ ಹಿಡಿದಿರಬೇಕು. ತಂತಿ ಮರಗಳಿಲ್ಲದ ಬಯಲು ಸಿಕ್ಕಿದೊಡನೆ ಇಳಿಯಬೇಕು. ಮೇಲೆ ಹೋದವನಿಗೆ ಉಳಿಯುವ ಉಪಾಯ ಹೆಚ್ಚುಕಡಿಮೆ ಇಷ್ಟೇ. ಆದ್ದರಿಂದಲೇ ಈ ಹಾರಾಟ ಸೂರ್ಯೋದಯದ ಹೊತ್ತಿಗೆ.

ಹಾಗಾದರೆ ಧೈರ್ಯ ಬೇಕಾದದ್ದು ಆಕಾಶದಲ್ಲಲ್ಲ, ನೆಲದ ಮೇಲೆ. ನೆಲದ ಮೇಲಾದರೋ ತಕ್ಕಡಿಯ ತೂಕವೆಲ್ಲ ಒಂದೇ ಕಡೆಗೆ: ಪಡೆದ ಹಣ, ಕಾದು ನಿಂತ ಜನ, ಪಕ್ಕದವನು ಹಾರಿಬಿಟ್ಟನೆಂಬ ಮತ್ಸರ. 1783ರಲ್ಲಿ ಪ್ಯಾರಿಸಿನಲ್ಲಿ ಮೊದಲು ಸ್ವತಂತ್ರವಾಗಿ ಹಾರಿದ ಇಬ್ಬರಲ್ಲಿ ಒಬ್ಬನಾದ ಪಿಲಾತ್ರ್ ದ ರೋಸಿಯೆ, ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟುವೆನೆಂದು ಸರಕಾರದ ಹಣ ಪಡೆದು, ಬೂಲೋನಿನಲ್ಲಿ ತಿಂಗಳುಗಟ್ಟಲೆ ಗಾಳಿಗಾಗಿ ಕಾದ. ಅಷ್ಟರಲ್ಲಿ 1785ರ ಜನವರಿಯಲ್ಲಿ ಬ್ಲಾನ್‌ಷಾರ್ ಆಚೆಯ ದಡದಿಂದ ದಾಟಿಬಿಟ್ಟ. ಜೂನ್ 15ರಂದು ಇವನೂ ಏರಿದ. ಗಾಳಿ ತಿರುಗಿ ದಡಕ್ಕೇ ತಳ್ಳಿತು. ಸಂಗಡಿಗನೊಡನೆ ಬಿದ್ದು ಸತ್ತ. 2016ರ ಜುಲೈ 30ರಂದು ಟೆಕ್ಸಾಸಿನ ಲಾಕ್‌ಹಾರ್ಟ್ ಬಳಿ, ತಗ್ಗು ಮೋಡವಿದೆಯೆಂಬ ಎಚ್ಚರಿಕೆ ಸಿಕ್ಕಿದ್ದರೂ ಒಬ್ಬಾತ ಬಲೂನು ಏರಿಸಿದ. ಅದು ವಿದ್ಯುತ್ ತಂತಿಗೆ ತಗಲಿ, ಬುಟ್ಟಿಯಲ್ಲಿದ್ದ 16 ಮಂದಿಯೂ ಸತ್ತರು. ಆ ಬೆಳಗ್ಗೆ ಅವನು ಬೇಡವೆಂದಿದ್ದರೆ? ಹದಿನೈದು ಜನ ಗೊಣಗಿಕೊಂಡು ಮನೆಗೆ ಹೋಗುತ್ತಿದ್ದರು. ತಾವು ಬದುಕಿದೆವೆಂಬುದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ನನ್ನನ್ನು ಕಾಡುವುದು ಇದು. ಹಾರಿ ಕೆಟ್ಟವನ ತಪ್ಪಿಗೆ ಸಾಕ್ಷಿಯುಂಟು. ಹಾರದೆ ಉಳಿದವನ ವಿವೇಕಕ್ಕೆ ಯಾವ ಸಾಕ್ಷಿಯೂ ಇಲ್ಲ. ಹೊರಗಿನಿಂದ ನೋಡುವವರಿಗೆ ಅವನೂ ಒಂದೇ, ಪುಕ್ಕಲನೂ ಒಂದೇ. ಬೇಡವೆನ್ನುವ ಭಾರವನ್ನು ಲಾಭನಷ್ಟವಿಲ್ಲದ ಇಲಾಖೆ ಹೊತ್ತುಕೊಂಡದ್ದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಆದರೆ ಅಪ್ಪಣೆ ಸಿಕ್ಕ ದಿನವೂ ನಡೆಸುವಾತ ತಾನೇ ಕಣ್ಣೆತ್ತಿ ನೋಡಬೇಕಲ್ಲ? ಆಗ ಅವನೆದುರು ನನ್ನಂಥವರು ಗಂಟುಮೋರೆ ಹಾಕಿಕೊಂಡು ನಿಂತಿರುತ್ತಾರೆ. ಅಂದು ನಮ್ಮ ಅಭಿಪ್ರಾಯ ಕೇಳಿದ್ದರೆ ನಾನು ಹಾರೋಣವೆಂದೇ ಕೈಯೆತ್ತುತ್ತಿದ್ದೆ. ಪಕ್ಕದಲ್ಲಿದ್ದ ಅಪರಿಚಿತ ಮಗುವಿನ ಪರವಾಗಿಯೂ ಎತ್ತಿದಂತಾಗುತ್ತಿತ್ತು.

ಆ ದಿನ ಮಧ್ಯಾಹ್ನದವರೆಗೂ ನಾನು ನೋಡುತ್ತಲೇ ಇದ್ದೆ. ಕೆಳಗೆ ಒಂದು ಎಲೆಯೂ ಅಲುಗಲಿಲ್ಲ.