ಇಂದಿನ ಧಮ್ಮ ಚಿಂತನೆ: ಬಿದ್ದ ಮರ, ಎರಡನೇ ಬಾಣ





ಸಂಯುಕ್ತ ನಿಕಾಯದ ಸಲ್ಲ ಸುತ್ತದಲ್ಲಿ ತಥಾಗತರು ಎರಡು ಬಾಣಗಳ ಮಾತು ಹೇಳುತ್ತಾರೆ. ಮೈಗೆ ತಾಗುವ ನೋವು ಮೊದಲನೆಯ ಬಾಣ. ಅದು ಯಾರನ್ನೂ ಬಿಡುವುದಿಲ್ಲ. ಆ ನೋವಿಗೆ ಎದೆ ಬಡಿದುಕೊಂಡು ಮನಸ್ಸಿಗೆ ತಂದುಕೊಳ್ಳುವ ನೋವು ಎರಡನೆಯದು. ಧಮ್ಮ ತಿಳಿದವರಿಗೆ ಮೊದಲನೆಯದು ಮಾತ್ರ ತಾಗುತ್ತದೆ.

ನಮ್ಮಂಥವರಿಗೆ ಎರಡನೇ ಬಾಣ ಎಷ್ಟೋ ಸಲ ಬೇರೆಯವರ ಬಾಯಿಂದ ಬರುತ್ತದೆ. ಈ ಸಲ ಮುಂಗಾರಿಗೆ ಮುಂಚೆ ಬೀಸಿದ ಬಿರುಗಾಳಿಗೆ ನಮ್ಮ ಚಿಕ್ಕಪ್ಪನ ತೋಟದ ಬದುವಿನಲ್ಲಿದ್ದ ದೊಡ್ಡ ಬೇವಿನ ಮರ ಬುಡಸಮೇತ ಮಗುಚಿ, ಗೊನೆ ಬಿಟ್ಟ ಬಾಳೆಯ ಮೇಲೆ ಬಿತ್ತು. ನೋಡಲು ಬಂದ ನಮ್ಮ ಕೇರಿಯವರೇ ಒಬ್ಬರು, "ಮನೆದೇವರನ್ನ ಬಿಟ್ರಲ್ಲ, ಅದಕ್ಕೇ ಹಿಂಗಾಯ್ತು" ಅಂದರು. ಚಿಕ್ಕಮ್ಮನ ಮುಖ ಬಾಡಿತು. ಸಾಲ ಮಾಡಿ ಬೆಳೆದ ಬಾಳೆ. ಒಂದು ಹರಕೆ ಕಟ್ಟಿಬಿಡೋಣವೇ ಎಂದು ಮನಸ್ಸು ಹೊಯ್ದಾಡುವುದು ಇಂಥ ಹೊತ್ತಿನಲ್ಲೇ.

ನಾನು ಚಿಕ್ಕಮ್ಮನಿಗೆ ಪಕ್ಕದ ತೋಟ ತೋರಿಸಿದೆ. ಅವರು ಮನೆದೇವರನ್ನು ಬಿಟ್ಟವರಲ್ಲ. ಅವರ ಬಾಳೆಯೂ ಮಲಗಿತ್ತು. ಆಮೇಲೆ ಬೇವಿನ ಬುಡ ತೋರಿಸಿದೆ. ಹಿಂದೆ ಕಾಲುವೆ ತೋಡುವಾಗ ಒಂದು ಕಡೆಯ ಬೇರು ಕತ್ತರಿಸಿಹೋಗಿತ್ತು, ಮಳೆಗೆ ನೆಂದ ಮಣ್ಣು ಹಿಡಿತ ಬಿಟ್ಟಿತ್ತು. ಕಾರಣವಿದ್ದರೆ ಕಾರ್ಯ. ಪಟಿಚ್ಚಸಮುಪ್ಪಾದ ಎಂಬ ದೊಡ್ಡ ಹೆಸರಿನೊಳಗೆ ಇರುವುದು ಇದೇ ನೋಟ. ದೇವರ ಕೋಪ ಎಂದುಕೊಂಡರೆ ಹರಕೆ ತೀರಿಸಿ ಸುಮ್ಮನಾಗುತ್ತೇವೆ. ಕಾರಣ ತಿಳಿದರೆ ಮುಂದೆ ಬೇರು ಉಳಿಸುತ್ತೇವೆ, ಬಾಳೆಗೆ ಊರುಗೋಲು ಕೊಡುತ್ತೇವೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳು ಪರೀಕ್ಷೆಗೆ ಬರುವುದು ದೀಕ್ಷೆಯ ದಿನವಲ್ಲ, ಇಂಥ ದಿನ.

ಮರ ತೆರವು ಮಾಡುವಾಗಲೂ ಧಮ್ಮ ಬೇಕು. ಬುದ್ಧರ ಕೊನೆಯ ಉಪದೇಶ ಅಪ್ಪಮಾದ, ಅಂದರೆ ಎಚ್ಚರ ತಪ್ಪದಿರುವುದು. ಮರ ತಂತಿಯ ಮೇಲೆ ಬಿದ್ದಿದ್ದರೆ ಲೈನ್‌ಮನ್ ಬಂದು ಕರೆಂಟ್ ತೆಗೆಯುವ ತನಕ ಹತ್ತಿರ ಹೋಗಬೇಡಿ. ಬಾಗಿ ಬಿಗಿದುಕೊಂಡ ಕೊಂಬೆ ಕೊಡಲಿ ತಾಗಿದೊಡನೆ ಚಿಮ್ಮುತ್ತದೆ. ಕಾಂಡ ಕುಯ್ದ ಮೇಲೆ ಬುಡ ಮಣ್ಣಿನ ಭಾರಕ್ಕೆ ಮತ್ತೆ ಗುಂಡಿಯೊಳಗೆ ಕೂತುಬಿಡಬಹುದು, ಅಲ್ಲಿ ಮಕ್ಕಳನ್ನು ಬಿಡಬೇಡಿ. ಕಡಿಯುವ ಮೊದಲು ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಪರಿಹಾರಕ್ಕೆ ಅರ್ಜಿ ಕೊಡುವುದು ಭಿಕ್ಷೆ ಬೇಡಿದಂತಲ್ಲ.

ಒಬ್ಬನೇ ಇರುವವನಿಗೆ ಧಮ್ಮ ಬೇಕಿಲ್ಲ, ಇಬ್ಬರಾದರೆ ಬೇಕೇ ಬೇಕು ಎಂಬ ವಿಚಾರವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಇಟ್ಟಿದ್ದಾರೆ. ಗರಗಸದ ಎರಡು ತುದಿ ಹಿಡಿದಾಗ ಅದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಬಳಗದ ನಾಲ್ವರು ಸೇರಿ ಸಂಜೆಯೊಳಗೆ ಬೇವು ತೆರವು ಮಾಡಿದೆವು. ಮರುದಿನ ಅದೇ ಗರಗಸ ಪಕ್ಕದ ತೋಟಕ್ಕೆ ಹೋಯಿತು.

ಇಂದಿನ ಅಭ್ಯಾಸ: ನಷ್ಟವಾದ ಮನೆಗೆ ಹೋದಾಗ "ಯಾವ ಪಾಪವೋ" ಎನ್ನುವ ಮಾತು ಬೇಡ. "ಎಲ್ಲಿಂದ ಶುರು ಮಾಡೋಣ?" ಎಂದು ಕೇಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.