ಬೀಳಬೇಕಾದಾಗ ಬೀಳಲಿ

ಇಂಡಕ್ಷನ್ ಒಲೆ ಉರಿಯುತ್ತಿರುವಾಗಲೇ ಯಾರೋ ಇಸ್ತ್ರಿಪೆಟ್ಟಿಗೆಯನ್ನೂ ಹಾಕುತ್ತಾರೆ, ಎಂಸಿಬಿ ಟಪ್ಪೆಂದು ಬೀಳುತ್ತದೆ. ಗೊಣಗುತ್ತಾ ಹೋಗಿ ಮೇಲೆತ್ತುತ್ತೇವೆ. ಕಾರ್ಖಾನೆ, ಆಸ್ಪತ್ರೆ, ದೊಡ್ಡ ಅಪಾರ್ಟ್‌ಮೆಂಟುಗಳ ಪ್ಯಾನೆಲ್ ಕೋಣೆಯಲ್ಲಿ ಇದರ ದೊಡ್ಡಣ್ಣ ಇರುತ್ತದೆ. ಮನೆಯದು 16 ಇಲ್ಲವೇ 32 ಆಂಪಿಯರಿನದಾದರೆ ಅದು ಸಾಮಾನ್ಯವಾಗಿ 800ರಿಂದ 6300 ಆಂಪಿಯರಿನದು. ಏರ್ ಸರ್ಕ್ಯೂಟ್ ಬ್ರೇಕರ್, ಬಾಯಿಮಾತಿನಲ್ಲಿ ಎಸಿಬಿ. (ಲಂಚಕೋರರನ್ನು ಹಿಡಿಯುತ್ತಿದ್ದ ಎಸಿಬಿ ಬೇರೆ, ಅದನ್ನು 2022ರಲ್ಲಿ ಹೈಕೋರ್ಟ್ ರದ್ದು ಮಾಡಿತು.)

ಈ ಬ್ರೇಕರ್ ವರ್ಷಗಟ್ಟಲೆ ಸುಮ್ಮನೆ ನಿಂತಿರುತ್ತದೆ. ಅಷ್ಟರಲ್ಲಿ ಒಳಗಿನ ಗ್ರೀಸು ಗಟ್ಟಿಯಾಗಿ, ಕೊಂಡಿ ಬಿಗಿದು, ಬೀಳಬೇಕಾದ ಹೊತ್ತಿಗೆ ಬೀಳದೇ ಹೋಗಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಅದಕ್ಕೇ ತಿಳಿದವರು ಶಟ್‌ಡೌನ್ ತೆಗೆದುಕೊಂಡು, ಬ್ರೇಕರನ್ನು ಹೊರಗೆಳೆದು, ಮಣಿಕಟ್ಟಿನಷ್ಟು ದಪ್ಪದ ಗಿಡ್ಡ ಕೇಬಲ್‌ಗಳನ್ನು ಬಿಗಿದು ಸಾವಿರಾರು ಆಂಪಿಯರ್ ಹಾಯಿಸುತ್ತಾರೆ. ಇದೇ ಪ್ರೈಮರಿ ಇಂಜೆಕ್ಷನ್ ಟೆಸ್ಟ್. ಬ್ರೇಕರಿನ ರೋಧ ತೀರಾ ಕಡಿಮೆಯಾದ್ದರಿಂದ ಇಷ್ಟು ಕರೆಂಟಿಗೆ ಕೆಲವೇ ವೋಲ್ಟ್ ಸಾಕು. ಈ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ನೆಲದ ಮೇಲಿನ ಕೇಬಲ್ ಮಿಸುಕುತ್ತದೆ, ಟೈಮರ್ ಓಡುತ್ತದೆ. ಧಡ್ಡೆಂದು ಬ್ರೇಕರ್ ಬಿದ್ದ ಕ್ಷಣ ಟೈಮರ್ ನಿಲ್ಲುತ್ತದೆ. ಆ ಸೆಕೆಂಡುಗಳನ್ನು ತಯಾರಕರು ಕೊಟ್ಟ ನಕ್ಷೆಯೊಡನೆ ತಾಳೆ ನೋಡುತ್ತಾರೆ. ಮೂರು ಫೇಸಿಗೂ ಒಂದೊಂದಾಗಿ.

ಇದಕ್ಕಿಂತ ಸುಲಭದ ದಾರಿಯೂ ಉಂಟು. ಬ್ರೇಕರಿಗೆ ಬೀಳೆಂದು ಹೇಳುವ ರಿಲೇಗೆ ಮಾತ್ರ ಪುಟ್ಟ ಕರೆಂಟು ಕೊಟ್ಟು ಅದರ ಲೆಕ್ಕಾಚಾರ ಸರಿಯಿದೆಯೇ ಎಂದು ನೋಡುವುದು. ಖರ್ಚು ಕಡಿಮೆ, ಕೆಲಸ ಬೇಗ. ಆದರೆ ಕರೆಂಟನ್ನು ಅಳೆದು ರಿಲೇಗೆ ತಿಳಿಸುವ ಸಿ.ಟಿ.ಯ ತಂತಿ ಕಳಚಿದ್ದರೆ ಈ ದಾರಿಯಲ್ಲಿ ಸಿಕ್ಕುವುದಿಲ್ಲ. ಬುದ್ಧಿ ಚುರುಕಾಗಿದೆ, ಕಣ್ಣು ಕಾಣುತ್ತಿದೆಯೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಆಯುಧಪೂಜೆಯ ದಿನ ಇದೇ ಪ್ಯಾನೆಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಬೂದುಗುಂಬಳ ಒಡೆಯುತ್ತೇವೆ. ಪರೀಕ್ಷೆಗೆ ಅರ್ಧ ದಿನ ಶಟ್‌ಡೌನ್ ಕೇಳಿದರೆ ಮಾತ್ರ ಮುಂದಿನ ತಿಂಗಳು ನೋಡೋಣ ಅನ್ನುತ್ತೇವೆ. ಪೂಜೆಯ ಶ್ರದ್ಧೆಯಲ್ಲಿ ಕೊಂಚವನ್ನು ಗ್ರೀಸಿಗೂ ಎತ್ತಿಡಬಹುದಿತ್ತು. ನಂಬಿದ್ದನ್ನು ಪರೀಕ್ಷಿಸಿದರೆ ಅಪನಂಬಿಕೆಯಾಯಿತು ಎಂಬ ಸಂಕೋಚ ಯಂತ್ರಕ್ಕಂತೂ ಇಲ್ಲ.

ಗೃಹಸ್ಥರಾದ ನಮಗೆ ಸಾವಿರ ಆಂಪಿಯರಿನ ತಾಪತ್ರಯವಿಲ್ಲ. ಮೀಟರ್ ಬೋರ್ಡಿನ ಹತ್ತಿರ ನಾವು ಇಎಲ್‌ಸಿಬಿ ಅನ್ನುವ ಪೆಟ್ಟಿಗೆಯಿದ್ದರೆ ಅದರಲ್ಲಿ ‘ಟಿ’ ಎಂದು ಬರೆದ ಗುಂಡಿ ಇರುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಕರೆಂಟು ಸೋರಿದರೂ ಅದು ಬೀಳಬೇಕು. ಗುಂಡಿ ಒತ್ತಿದಾಗ ಅಂಥದೊಂದು ಸೋರಿಕೆ ಒಳಗೇ ಹುಟ್ಟುತ್ತದೆ. ಎಷ್ಟೋ ಮನೆಗಳಲ್ಲಿ ಗೃಹಪ್ರವೇಶವಾದ ಮೇಲೆ ಅದನ್ನು ಯಾರೂ ಮುಟ್ಟಿರುವುದಿಲ್ಲ. ಈ ಭಾನುವಾರ ಒಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಸೋಮವಾರವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಒತ್ತುವ ಮುಂಚೆ, ಕಂಪ್ಯೂಟರಿನ ಮುಂದೆ ಕೂತ ಮಗಳನ್ನು ಒಂದು ಮಾತು ಕೇಳಿಕೊಳ್ಳಿ.